ಒಂದು ಸಂಖ್ಯೆ, ಎಪ್ಪತ್ತೈದು ವರ್ಷ

170141183460469231731687303715884105727. ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು ಓದಿ ಹೇಳುವುದೇ ಕಷ್ಟ. ನಮ್ಮ ಲಕ್ಷ, ಕೋಟಿಗಳು ಇದರ ಮೊಣಕಾಲಿಗೂ ಎಟುಕುವುದಿಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಹೇಳಿದ್ದಾನೆ. ಆ ಪಟ್ಟಿ ಮುಗಿದ ಮೇಲೂ ಈ ಸಂಖ್ಯೆಯ 15 ಸ್ಥಾನಗಳು ಹೆಸರಿಲ್ಲದೆ ಉಳಿಯುತ್ತವೆ. ಆದರೆ ಇದನ್ನು ಬರೆಯುವ ಇನ್ನೊಂದು ಬಗೆ ತೀರ ಸರಳವಾದದ್ದು. 127 ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಬೇಕು, ಅಂದರೆ 2¹²⁷−1.

ಇದೊಂದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತಾನು ಎಂಬ ಎರಡನ್ನು ಬಿಟ್ಟರೆ ಬೇರಾವ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸುವುದಿಲ್ಲ. 1876ರಲ್ಲಿ ಎದುವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಈ ಮಾತನ್ನು ಜಗತ್ತಿಗೆ ತಿಳಿಸಿದನು. ಅಲ್ಲಿಂದ 1951ರವರೆಗೆ, ಎಪ್ಪತ್ತೈದು ವರ್ಷಗಳ ಕಾಲ, ಮನುಷ್ಯನಿಗೆ ಗೊತ್ತಿದ್ದ ಅವಿಭಾಜ್ಯ ಸಂಖ್ಯೆಗಳಲ್ಲಿ ಅತಿ ದೊಡ್ಡದು ಇದೇ ಆಗಿತ್ತು. ಯಂತ್ರದ ಹಂಗಿಲ್ಲದೆ ಕೈಲೆಕ್ಕದಿಂದ ಕಂಡುಕೊಂಡವುಗಳಲ್ಲಿ ಇಂದಿಗೂ ಇದೇ ದೊಡ್ಡದು.

ಇಂಥ ಸಂಖ್ಯೆಯೊಂದು ಅವಿಭಾಜ್ಯವೆಂದು ‘ಗೊತ್ತಾಗುವುದು’ ಹೇಗೆ? ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಈ ಸಂಖ್ಯೆಯ ಚರಿತ್ರೆಯ ಕಡೆಗೆ ಎಳೆದದ್ದು ಆ ಪ್ರಶ್ನೆ. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವವರಿಗೆ ‘ನೋಡಲಾಗಿದೆ’ ಎಂಬ ಷರಾಕ್ಕೂ ‘ಪರಿಶೀಲಿಸಲಾಗಿದೆ’ ಎಂಬ ಷರಾಕ್ಕೂ ಇರುವ ಅಂತರ ತಿಳಿದದ್ದೇ. ಗಣಿತದ ಚರಿತ್ರೆಯಲ್ಲಿ ಆ ಅಂತರವನ್ನು ದಾಟಲು ಎರಡು ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು.

ಮೊದಲು ಈ ಜಾತಿಯ ಸಂಖ್ಯೆಗಳ ಪರಿಚಯ ಮಾಡಿಕೊಳ್ಳೋಣ. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗಿ ಕಾಳುಗಳನ್ನಿಡುವ ಕಥೆಯನ್ನು ಕೇಳದವರಿಲ್ಲ. ಆ 64 ಮನೆಗಳ ಕಾಳುಗಳ ಒಟ್ಟು ಮೊತ್ತ 2⁶⁴−1. ಹಲಗೆಯಲ್ಲಿ 127 ಮನೆಗಳಿದ್ದರೆ ಮೊತ್ತವು ನಮ್ಮ ಸಂಖ್ಯೆಯೇ ಆಗುತ್ತಿತ್ತು. ಒಂದು ಮತ್ತು ಸೊನ್ನೆ ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು ಸಾಲಾಗಿ ನಿಂತ 127 ಒಂದುಗಳು. ಇಂಥ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಸಾಲಿನ ಉದ್ದವೂ ಅವಿಭಾಜ್ಯವಾಗಿರಲೇಬೇಕು. ಆರು ಒಂದುಗಳ ಸಾಲನ್ನು ಮೂರು ಮೂರರಂತೆ ಮುರಿಯಬಹುದು. ಆದ್ದರಿಂದ 2⁶−1, ಅಂದರೆ 63, ಏಳರಿಂದ ಭಾಗವಾಗುತ್ತದೆ. ಆದರೆ ಉದ್ದ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗುತ್ತದೆಂಬ ಭರವಸೆಯಿಲ್ಲ. 11 ಅವಿಭಾಜ್ಯ; 2¹¹−1, ಅಂದರೆ 2047, 23 ಮತ್ತು 89ರ ಗುಣಲಬ್ಧ.

ಗ್ರೀಕರ ಕಾಲದಿಂದಲೂ ಈ ಸಂಖ್ಯೆಗಳ ಮೇಲೆ ಪಂಡಿತರಿಗೆ ಮೋಹವಿರಲು ಬೇರೊಂದು ಕಾರಣವಿತ್ತು. ತನ್ನನ್ನು ಬಿಟ್ಟು ತನ್ನ ಉಳಿದೆಲ್ಲ ಭಾಜಕಗಳನ್ನು ಕೂಡಿದರೆ ತಾನೇ ಆಗುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆಯೆಂದು ಹೆಸರು; 6 = 1+2+3 ಎಂಬುದು ಮೊದಲ ಉದಾಹರಣೆ, 28 ಎರಡನೆಯದು. ಈ ಜಾತಿಯ ಅವಿಭಾಜ್ಯ ಸಂಖ್ಯೆಯೊಂದು ದೊರೆತರೆ ಅದರ ಬೆನ್ನಿಗೆ ಒಂದು ಪರಿಪೂರ್ಣ ಸಂಖ್ಯೆಯೂ ದೊರೆಯುತ್ತದೆಂದು ಯೂಕ್ಲಿಡ್ ತೋರಿಸಿದ್ದನು. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದವೆಲ್ಲವೂ ಹೀಗೆಯೇ ಬರುತ್ತವೆಂದು ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಸಾಧಿಸಿದನು. ನಮ್ಮ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಪರಿಪೂರ್ಣ ಸಂಖ್ಯೆ ಬರುತ್ತದೆ. ಇಂಥವುಗಳ ಸಾಲಿನಲ್ಲಿ ಅದು ಹನ್ನೆರಡನೆಯದು.

ಇಟಲಿಯ ಪಿಯೆತ್ರೊ ಕತಾಲ್ದಿಯು 1603ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ 2¹⁷−1 ಮತ್ತು 2¹⁹−1 ಅವಿಭಾಜ್ಯವೆಂದು ತೋರಿಸಿದ್ದನು. ಅವನ ದಾರಿ ಎಲ್ಲರಿಗೂ ತಿಳಿದ ದಾರಿ: ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. ಆ ಬಳಿಕ ಬಂದವನು ಪ್ಯಾರಿಸಿನ ಕ್ರೈಸ್ತ ಸಂನ್ಯಾಸಿ ಮಾರ್ಯಾಂ ಮೆರ್ಸೆನ್. ಗೆಲಿಲಿಯೊ, ದೆಕಾರ್ತ್, ಫರ್ಮಾ ಮೊದಲಾದವರೊಡನೆ ಪತ್ರವ್ಯವಹಾರವಿದ್ದ ಈತನ ಮಠದ ಕೋಣೆ, ವಿಜ್ಞಾನ ಪತ್ರಿಕೆಗಳೇ ಇಲ್ಲದ ಆ ಕಾಲದಲ್ಲಿ ಒಂದು ಪತ್ರಿಕೆಯ ಕೆಲಸ ಮಾಡುತ್ತಿತ್ತು. 1644ರಲ್ಲಿ ಪ್ರಕಟಿಸಿದ ಗ್ರಂಥದ ಮುನ್ನುಡಿಯಲ್ಲಿ ಅವನು ಒಂದು ಪಟ್ಟಿ ಕೊಟ್ಟನು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದು ಮಾತ್ರ ಅವಿಭಾಜ್ಯ ಸಂಖ್ಯೆಗಳನ್ನು ಕೊಡುತ್ತವೆ ಎಂಬುದು ಆ ಪಟ್ಟಿಯ ಹೇಳಿಕೆ.

ಈ ಪಟ್ಟಿ ಅವನಿಗೆ ಹೇಗೆ ದೊರೆಯಿತೆಂಬುದಕ್ಕೆ ಪುಸ್ತಕದಲ್ಲಿ ವಿವರಣೆಯಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ನಿರ್ಣಯಿಸಲು ಕಾಲವೆಲ್ಲ ಸೇರಿದರೂ ಸಾಲದೆಂದು ಅವನೇ ಬರೆದಿದ್ದಾನೆ. ಪಟ್ಟಿಯ ಕೊನೆಯ ಸಂಖ್ಯೆಗೆ 78 ಅಂಕಿಗಳಿವೆ! ಆದರೂ ಪಟ್ಟಿ ಉಳಿಯಿತು, ಆ ಜಾತಿಯ ಸಂಖ್ಯೆಗಳಿಗೆ ಅವನ ಹೆಸರೇ ನಿಂತಿತು. ದೊಡ್ಡವರ ಒಡನಾಟವಿದ್ದ ದೊಡ್ಡವನ ಮಾತು ಸಂಶಯಕ್ಕಿಂತ ಹೆಚ್ಚು ಕಾಲ ಬಾಳುವುದು ಹೊಸದೇನಲ್ಲ.

ಪಟ್ಟಿಯ ಎಂಟನೆಯ ಹೆಸರನ್ನು ನಿಜವಾಗಿ ಪರೀಕ್ಷಿಸಿದವನು ಆಯ್ಲರ್. 2³¹−1, ಅಂದರೆ 2147483647, ಅವಿಭಾಜ್ಯವೆಂದು 1772ರಲ್ಲಿ ಪ್ರಕಟವಾಯಿತು. ಕತಾಲ್ದಿಯಂತೆ ಹೊರಟಿದ್ದರೆ 46,340ರವರೆಗಿನ ಸುಮಾರು 4,800 ಅವಿಭಾಜ್ಯಗಳಿಂದ ಭಾಗಿಸಬೇಕಾಗಿತ್ತು. ಆಯ್ಲರನು ಆ ರಾಶಿಯನ್ನು ಮೊದಲು ಜರಡಿ ಹಿಡಿದನು. 2³¹−1ಕ್ಕೆ ಭಾಜಕವೊಂದು ಇರುವುದೇ ಆದರೆ ಅದನ್ನು 248ರಿಂದ ಭಾಗಿಸಿದಾಗ ಶೇಷವು 1 ಅಥವಾ 63 ಆಗಲೇಬೇಕೆಂಬುದು ಅವನ ಜರಡಿ. ಉಳಿದದ್ದು ಸುಮಾರು ಎಂಬತ್ತು ಸಂಖ್ಯೆಗಳು, ಒಂದೂ ಭಾಗಿಸಲಿಲ್ಲ.

ಇದಾಗಿ ನಾಲ್ಕು ದಶಕ ಕಳೆದ ಮೇಲೆ, 1811ರಲ್ಲಿ, ಇಂಗ್ಲೆಂಡಿನ ಪೀಟರ್ ಬಾರ್ಲೊ ತನ್ನ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಒಂದು ಭವಿಷ್ಯ ನುಡಿದನು. ಆಯ್ಲರನ ಸಂಖ್ಯೆಯಿಂದ ಬಂದ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು. ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬರುವಂಥವಲ್ಲ, ಆದ್ದರಿಂದ ಮುಂದೆ ಹೋಗುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬುದು ಅವನ ಮಾತಿನ ಸಾರ. ಉಪಯೋಗವಿಲ್ಲದ್ದಕ್ಕೆ ಮನುಷ್ಯ ಶ್ರಮಪಡುವುದಿಲ್ಲವೆಂಬ ಈ ಎಣಿಕೆ ಮಗ್ಗಿಯಷ್ಟು ಸರಳವಾಗಿ ಕಾಣುತ್ತದೆ. ಅದು ಎರಡು ಕಡೆಯಿಂದ ಸುಳ್ಳಾಯಿತು.

ಬಾರ್ಲೊನ ಸಂಶಯಕ್ಕೆ ಆಧಾರವಿರಲಿಲ್ಲವೆಂದಲ್ಲ. ಆಯ್ಲರನ ಜರಡಿಯನ್ನು 2¹²⁷−1ಕ್ಕೆ ಹಿಡಿದರೂ ಪರೀಕ್ಷಿಸಬೇಕಾದ ಅವಿಭಾಜ್ಯಗಳ ಸಂಖ್ಯೆ ಹತ್ತು ಕೋಟಿ ಕೋಟಿಯನ್ನು ದಾಟುತ್ತದೆ. ಸೆಕೆಂಡಿಗೆ ಒಂದರಂತೆ ಹಗಲಿರುಳು ಭಾಗಿಸುತ್ತ ಕುಳಿತವನಿಗೆ ಮೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಭಾಗಿಸಿ ನೋಡುವ ದಾರಿ ಇಲ್ಲಿಗೆ ಮುಗಿಯಿತು. ಲ್ಯೂಕಾನ ಹಿರಿಮೆ ಇರುವುದು ಆ ದಾರಿಯನ್ನೇ ಬಿಟ್ಟದ್ದರಲ್ಲಿ.

1842ರಲ್ಲಿ ಅಮಿಯೆಂ ಪಟ್ಟಣದಲ್ಲಿ ಹುಟ್ಟಿದ ಲ್ಯೂಕಾ, 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದವನು. ಯುದ್ಧದ ತರುವಾಯ ಶಾಲಾ ಅಧ್ಯಾಪಕನಾದನು. ಮಕ್ಕಳು ಇಂದಿಗೂ ಆಡುವ, ಮೂರು ಗೂಟಗಳ ಮೇಲೆ ಬಿಲ್ಲೆಗಳನ್ನು ಸಾಗಿಸುವ ‘ಹನೋಯ್ ಗೋಪುರ’ದ ಆಟ ಅವನದೇ ಕಲ್ಪನೆ. ಆ ಆಟದಲ್ಲಿ ಬಿಲ್ಲೆಗಳು ಏಳಿದ್ದರೆ ಕಡಮೆಯೆಂದರೂ 2⁷−1 ನಡೆಗಳು ಬೇಕೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಅವನ ಆಟಕ್ಕೂ ಪಾಂಡಿತ್ಯಕ್ಕೂ ನಡುವೆ ಗೋಡೆಯಿರಲಿಲ್ಲ.

ಸಂಖ್ಯೆಯೊಂದು ಅವಿಭಾಜ್ಯವೇ ಎಂದು ತಿಳಿಯಲು ಅದರ ಭಾಜಕಗಳನ್ನು ಹುಡುಕಬೇಕಾಗಿಲ್ಲ, ಅದರ ನಡತೆಯನ್ನು ನೋಡಿದರೆ ಸಾಕು ಎಂಬುದು ಲ್ಯೂಕಾ ಹಿಡಿದ ಸೂತ್ರ. ಇದರ ಬೀಜ ಫರ್ಮಾನಲ್ಲೇ ಇತ್ತು. ಎರಡಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, 2ನ್ನು ಅದಕ್ಕಿಂತ ಒಂದು ಕಡಮೆ ಘಾತಕ್ಕೇರಿಸಿ ಅದರಿಂದಲೇ ಭಾಗಿಸಿದರೆ ಶೇಷ 1 ಬರಲೇಬೇಕು. 15ರ ವಿಷಯದಲ್ಲಿ 2¹⁴, ಅಂದರೆ 16,384ನ್ನು, 15ರಿಂದ ಭಾಗಿಸಿದರೆ ಶೇಷ 4. ಆದ್ದರಿಂದ 15 ಅವಿಭಾಜ್ಯವಲ್ಲ. ಈ ತೀರ್ಮಾನಕ್ಕೆ ಬರಲು 3ನ್ನೂ 5ನ್ನೂ ನಾವು ಮುಟ್ಟಲೇ ಇಲ್ಲವೆಂಬುದನ್ನು ಗಮನಿಸಬೇಕು. ಆದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೆಲ್ಲ ಅವಿಭಾಜ್ಯವಲ್ಲ. 11 ಮತ್ತು 31ರ ಗುಣಲಬ್ಧವಾದ 341 ಸಹ ಇದರಲ್ಲಿ ತೇರ್ಗಡೆಯಾಗಿಬಿಡುತ್ತದೆ. ಲ್ಯೂಕಾ ಬಯಸಿದ್ದು ವೇಷಧಾರಿಗಳು ನುಸುಳಲಾರದಂಥ ಪರೀಕ್ಷೆಯನ್ನು.

ಅದನ್ನು ಕಾಗದದ ಚೂರೊಂದರಲ್ಲಿ ಮಾಡಿ ತೋರಿಸಬಹುದು. 3ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2ನ್ನು ಕಳೆಯಬೇಕು. ಬಂದದ್ದು ಪರೀಕ್ಷೆಗೊಳಗಾದ ಸಂಖ್ಯೆಯನ್ನು ಮೀರಿದರೆ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. 2⁷−1, ಅಂದರೆ 127ಕ್ಕೆ ಇದನ್ನು ಮಾಡಿದರೆ 3, 7, 47, 48, 16, 0 ಎಂಬ ಸಾಲು ಬರುತ್ತದೆ. ಘಾತಕ್ಕಿಂತ ಒಂದು ಕಡಮೆ, ಅಂದರೆ ಆರನೆಯ ಪದವು ಸೊನ್ನೆಯಾಯಿತು. ಆದ್ದರಿಂದ 127 ಅವಿಭಾಜ್ಯ. 2¹¹−1, ಅಂದರೆ 2047ಕ್ಕೆ ಮಾಡಿದರೆ 3, 7, 47, 160, 1034, 620, 1609, 1471, ಮತ್ತೆ 160. ಹತ್ತನೆಯ ಪದ ಸೊನ್ನೆಯಾಗಬೇಕಿತ್ತು. ಆದರೆ ಒಂಬತ್ತನೆಯದಕ್ಕೇ ಲೆಕ್ಕವು ಹಳೆಯ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಗಾಣದ ಎತ್ತಿನಂತೆ ಸುತ್ತತೊಡಗಿತು. 2047 ಅವಿಭಾಜ್ಯವಲ್ಲ. ಘಾತವನ್ನು ನಾಲ್ಕರಿಂದ ಭಾಗಿಸಿದಾಗ ಶೇಷ 3 ಬರುವಲ್ಲಿ ಹೀಗೆ 3ರಿಂದ ಆರಂಭಿಸಬಹುದು. 127 ಅಂಥದೊಂದು ಘಾತ.

2¹²⁷−1ರ ವಿಷಯದಲ್ಲಿ 125 ಬಾರಿ ವರ್ಗ ಮಾಡಿದರೆ ಮುಗಿಯಿತು. ಮೂರು ಕೋಟಿ ವರ್ಷಗಳ ಕೆಲಸ ಒಬ್ಬ ಮನುಷ್ಯನ ತಾಳ್ಮೆಯ ಅಳತೆಗೆ ಇಳಿಯಿತು. ಭಾಗಾಕಾರದ ಕಷ್ಟವೂ ಇಲ್ಲಿಲ್ಲ. 456123ನ್ನು 999ರಿಂದ ಭಾಗಿಸಿದಾಗ ಬರುವ ಶೇಷಕ್ಕಾಗಿ ನಾವು ಭಾಗಿಸಬೇಕಾಗಿಲ್ಲ. 456 ಮತ್ತು 123ನ್ನು ಕೂಡಿದರೆ 579, ಅದೇ ಶೇಷ. ದಶಮಾನದಲ್ಲಿ 999 ಹೇಗೋ ದ್ವಿಮಾನದಲ್ಲಿ 127 ಒಂದುಗಳ ಸಾಲೂ ಹಾಗೆಯೇ. ಬಂದ ಉತ್ತರವನ್ನು 127 ಸ್ಥಾನಗಳಲ್ಲಿ ಮುರಿದು ಎರಡು ತುಂಡುಗಳನ್ನು ಕೂಡಿದರಾಯಿತು. ಇದಕ್ಕಾಗಿ ಲ್ಯೂಕಾ 127 ಸಾಲು, 127 ಕಂಬಗಳ ಚದುರಂಗದ ಹಲಗೆಯನ್ನು ವರ್ಣಿಸಿದ್ದಾನೆ. ಕಾಯಿ ಇದ್ದ ಮನೆ ಒಂದು, ಖಾಲಿ ಮನೆ ಸೊನ್ನೆ. ಕಾಯಿಗಳನ್ನು ನಿಯಮದಂತೆ ಸರಿಸುತ್ತ ಹೋದರೆ ಲೆಕ್ಕ ತಾನಾಗಿ ನಡೆಯುತ್ತದೆ. 16,129 ಮನೆಗಳ ಆ ಹಲಗೆಯನ್ನು ಇಂದು ನೋಡಿದರೆ, ಇನ್ನೂ ಹುಟ್ಟದ ಗಣಕಯಂತ್ರದ ನಕ್ಷೆಯಂತೆ ಕಾಣುತ್ತದೆ.

ಅದೇ ವರ್ಷ ಲ್ಯೂಕಾ ಇನ್ನೊಂದು ಮಾತನ್ನೂ ಹೇಳಿದನು: ಮೆರ್ಸೆನ್ ಪಟ್ಟಿಯಲ್ಲಿದ್ದ 2⁶⁷−1 ಅವಿಭಾಜ್ಯವಲ್ಲ. ಹಾಗಾದರೆ ಅದನ್ನು ಭಾಗಿಸುವ ಸಂಖ್ಯೆ ಯಾವುದು? ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಅವನ ಪರೀಕ್ಷೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಬೀಗಕ್ಕೆ ಕೀಲಿಯುಂಟೆಂದು ಸಾಧಿಸಿ, ಕೀಲಿಯ ಚಹರೆಯ ವಿಷಯದಲ್ಲಿ ಮೌನವಾಗಿರುವ ಈ ಬಗೆಯ ಜ್ಞಾನ ಆ ಕಾಲಕ್ಕೆ ವಿಚಿತ್ರವಾಗಿತ್ತು.

ಆ ಕೀಲಿ ಸಿಕ್ಕಿದ್ದು 27 ವರ್ಷಗಳ ತರುವಾಯ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ತನ್ನ ಪ್ರಬಂಧವನ್ನು ಮಂಡಿಸಿದನು. ಗಣಿತದ ಚರಿತ್ರಕಾರ ಇ. ಟಿ. ಬೆಲ್ ಹೇಳುವ ಪ್ರಕಾರ, ಕೋಲ್ ಒಂದು ಮಾತನ್ನೂ ಆಡದೆ ಕರಿಹಲಗೆಯ ಬಳಿಗೆ ಹೋಗಿ 2ರ 67ನೆಯ ಘಾತವನ್ನು ಕೈಯಿಂದ ಬೆಳೆಸಿ ಒಂದನ್ನು ಕಳೆದನು: 147573952589676412927. ಪಕ್ಕದಲ್ಲಿ 193707721 ಮತ್ತು 761838257287 ಎಂಬ ಎರಡು ಸಂಖ್ಯೆಗಳನ್ನು ಬರೆದು, ಶಾಲೆಯ ಹುಡುಗನಂತೆ ಗುಣಿಸಿದನು. ಎರಡು ಉತ್ತರಗಳೂ ಒಂದೇ ಆಗಿದ್ದವು. ಅವನು ಮೌನವಾಗಿ ತನ್ನ ಜಾಗಕ್ಕೆ ಮರಳಿದನು. ಸಭೆ ಚಪ್ಪಾಳೆ ತಟ್ಟಿತು. ಈ ಅಪವರ್ತನಗಳನ್ನು ಹುಡುಕಲು ಎಷ್ಟು ಕಾಲ ಹಿಡಿಯಿತೆಂದು ಬೆಲ್ ಕೇಳಿದಾಗ ಬಂದ ಉತ್ತರ, ಮೂರು ವರ್ಷಗಳ ಭಾನುವಾರಗಳು. ಬೆಲ್ ಕಥೆಗಾರಿಕೆಗೆ ಹೆಸರಾದವನು; ಮೌನದ ವಿವರದಲ್ಲಿ ಸ್ವಲ್ಪ ಬಣ್ಣವಿದ್ದರೂ ಇರಬಹುದು. ಗುಣಾಕಾರದಲ್ಲಿ ಬಣ್ಣವಿಲ್ಲ. ಅದನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಮೆರ್ಸೆನ್ನನ ಪಟ್ಟಿ ಹೀಗೆ ಒಂದೊಂದೇ ಕಡೆ ಸಡಿಲಿತು. 1883ರಲ್ಲಿ ರಷ್ಯದ ಪಾದ್ರಿ ಇವಾನ್ ಪೆರ್ವುಶಿನ್, ಪಟ್ಟಿಯಲ್ಲಿಲ್ಲದ 2⁶¹−1 ಅವಿಭಾಜ್ಯವೆಂದು ತೋರಿಸಿದನು. 1911ರಲ್ಲಿ 89, 1914ರಲ್ಲಿ 107 ಸೇರಿದವು; ಎರಡರಲ್ಲೂ ಅಮೆರಿಕದ ಆರ್. ಇ. ಪವರ್ಸನ ಕೈಯಿತ್ತು. ಪಟ್ಟಿಯ ಕೊನೆಯ 257 ಅವಿಭಾಜ್ಯ ಸಂಖ್ಯೆಯನ್ನು ಕೊಡುವುದಿಲ್ಲವೆಂದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸ್ಥಿರಪಟ್ಟಿತು. 1947ರ ಹೊತ್ತಿಗೆ ಪೂರ್ಣ ಪರಿಶೀಲನೆ ಮುಗಿದಾಗ ಐದು ತಪ್ಪುಗಳು ಎಣಿಕೆಗೆ ಸಿಕ್ಕವು: ಇರಬಾರದ ಎರಡು ಇದ್ದವು, ಇರಬೇಕಾದ ಮೂರು ಬಿಟ್ಟುಹೋಗಿದ್ದವು. ಪಟ್ಟಿ ಪ್ರಕಟವಾಗಿ ಆಗಲೇ 303 ವರ್ಷ ಕಳೆದಿತ್ತು. 127 ಮಾತ್ರ ಆ ಪರೀಕ್ಷೆಯಲ್ಲಿ ಗೆದ್ದು ನಿಂತಿತು.

ಲ್ಯೂಕಾನ ಮಾತನ್ನೂ ಯಾರೂ ಹಾಗೆಯೇ ಬಿಡಲಿಲ್ಲವೆಂಬುದು ಈ ಚರಿತ್ರೆಯ ಆರೋಗ್ಯದ ಲಕ್ಷಣ. ಅವನ ಲೆಕ್ಕವನ್ನು ಮುಂದಿನ ತಲೆಮಾರಿನವರು ಮತ್ತೆ ಮಾಡಿ ನೋಡಿ ಸರಿಯೆಂದು ಖಚಿತಪಡಿಸಿಕೊಂಡರು. ಅವನ ಪ್ರಮೇಯದ ಸಾಧನೆಯಲ್ಲಿದ್ದ ಬಿರುಕುಗಳನ್ನು ಮುಚ್ಚಿ 1930ರಲ್ಲಿ ಅದಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟವನು ಅಮೆರಿಕದ ಡಿ. ಎಚ್. ಲೆಹ್ಮರ್. ಅಷ್ಟರಲ್ಲಿ ಲ್ಯೂಕಾ ತೀರಿಕೊಂಡು ನಾಲ್ಕು ದಶಕಗಳಾಗಿದ್ದವು. 1891ರಲ್ಲಿ ಔತಣವೊಂದರಲ್ಲಿ ಪರಿಚಾರಕನ ಕೈಜಾರಿ ಬಿದ್ದ ತಟ್ಟೆಯ ಚೂರು ಅವನ ಕೆನ್ನೆಗೆ ತಗಲಿತು. ಆ ಗಾಯ ನಂಜೇರಿ ಕೆಲವೇ ದಿನಗಳಲ್ಲಿ, ಐವತ್ತು ತುಂಬುವ ಮೊದಲೇ, ಸತ್ತನು.

1951ರಲ್ಲಿ ಎರಡು ಕಡೆಯಿಂದ ದಾಖಲೆ ಮುರಿಯಿತು. ಫೆರಿಯೆ ಎಂಬವನು ಮೇಜಿನ ಮೇಲಿನ ಲೆಕ್ಕದ ಯಂತ್ರದಿಂದ 44 ಅಂಕಿಗಳ ಅವಿಭಾಜ್ಯವನ್ನು ಕಂಡನು. ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವೀಲರ್ ಎಂಬಿಬ್ಬರು ಎಡ್ಸ್ಯಾಕ್ ಎಂಬ ಗಣಕಯಂತ್ರದಿಂದ 79 ಅಂಕಿಗಳದನ್ನು ಕಂಡರು. ಈ ಎರಡನೆಯದು ಲ್ಯೂಕಾನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿದ್ದು. ಹೊಸ ದಾಖಲೆ ಹಳೆಯದರ ಹೆಗಲ ಮೇಲೆಯೇ ಹತ್ತಿ ನಿಂತಿತ್ತು. 1952ರ ಜನವರಿ 30ರಂದು ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಂ ಲಾಸ್ ಏಂಜಲಿಸ್‌ನ ಸ್ವಾಕ್ ಯಂತ್ರದಲ್ಲಿ ಓಡಿ, 2⁵²¹−1 ಮತ್ತು 2⁶⁰⁷−1 ಎರಡೂ ಅವಿಭಾಜ್ಯವೆಂದು ಒಂದೇ ದಿನ ತಿಳಿಸಿತು. ಯಂತ್ರ ಮಾಡಿದ್ದೂ ಲ್ಯೂಕಾನ ಪರೀಕ್ಷೆಯನ್ನೇ.

ಆದರೆ ಈ ಪರೀಕ್ಷೆ ಒಂದೇ ಜಾತಿಯ ಸಂಖ್ಯೆಗಳಿಗೆ ಹೊಂದುವಂಥದು. ಯಾವ ಸಂಖ್ಯೆಯನ್ನೇ ಕೊಟ್ಟರೂ, ಅದೃಷ್ಟವನ್ನೂ ಸಾಧಿಸದ ಊಹೆಗಳನ್ನೂ ನೆಚ್ಚದೆ, ಹಿಡಿತದಲ್ಲಿರುವ ಕಾಲದೊಳಗೆ ಉತ್ತರ ಕೊಡುವ ಪರೀಕ್ಷೆಯುಂಟೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಬಂದದ್ದು 2002ರ ಆಗಸ್ಟಿನಲ್ಲಿ, ಕಾನ್ಪುರದ ಐಐಟಿಯಿಂದ. ಮಣೀಂದ್ರ ಅಗರವಾಲ್ ಮತ್ತು ಆಗತಾನೇ ಪದವಿ ಮುಗಿಸಿದ್ದ ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು ಅಂಥ ಪರೀಕ್ಷೆಯುಂಟೆಂದು ಸಾಧಿಸಿದರು. ಅದೂ ಭಾಜಕಗಳನ್ನು ಹುಡುಕುವುದಿಲ್ಲ. ನಡತೆಯನ್ನು ಮಾತ್ರ ನೋಡುತ್ತದೆ.

ಹುಡುಕುವ ಕೆಲಸ ಈಗಲೂ ಕಠಿಣವಾಗಿಯೇ ಉಳಿದಿದೆ. 385 ಅಂಕಿಗಳ 2¹²⁷⁷−1 ಅವಿಭಾಜ್ಯವಲ್ಲವೆಂಬುದು ಸಿದ್ಧವಾಗಿದೆ. ಅದರ ಒಂದು ಭಾಜಕವೂ ಈವರೆಗೆ ಸಿಕ್ಕಿಲ್ಲ. ‘ಭಾಗವಾಗುತ್ತದೆ’ ಎಂಬುದಕ್ಕೂ ‘ಯಾವುದರಿಂದ’ ಎಂಬುದಕ್ಕೂ ನಡುವಿನ ಈ ಕಂದಕವನ್ನೇ 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಗುಪ್ತಲಿಪಿಯ ಅಡಿಪಾಯವಾಗಿಸಿಕೊಂಡರು. ದೊಡ್ಡ ಅವಿಭಾಜ್ಯಗಳೆರಡನ್ನು ಆರಿಸಿ ಗುಣಿಸುವುದು ಸುಲಭ. ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಗಣಕಜಾಲದಲ್ಲಿ ಹಣವನ್ನೂ ಗುಟ್ಟನ್ನೂ ಕಾಯುವ ವಿಧಾನಗಳಲ್ಲಿ ಇದು ಮುಖ್ಯವಾದದ್ದು. ನಮ್ಮ 2¹²⁷−1 ಕೂಡ 2015ರಲ್ಲಿ ರೂಪುಗೊಂಡ ‘ಫೋರ್‌ಕ್ಯೂ’ ಎಂಬ ಗುಪ್ತಲಿಪಿ ವಿಧಾನದ ತಳದಲ್ಲಿದೆ. ಒಂದುಗಳ ಸಾಲನ್ನು ಮುರಿದು ಕೂಡುವ ಆ ಸೌಲಭ್ಯವೇ ಅದನ್ನು ಆರಿಸಲು ಕಾರಣ. ಬಾರ್ಲೊನ ಭವಿಷ್ಯದ ಎರಡು ಭಾಗಗಳೂ ಹೀಗೆ ಬಿದ್ದುಹೋದವು: ಉಪಯೋಗ ಕಾಣದಿದ್ದಾಗಲೂ ಜನ ಮುಂದೆ ಹೋದರು, ಹೋದ ಮೇಲೆ ಉಪಯೋಗವೂ ಕಂಡಿತು.

2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬವರು ಕಂಡ 2ರ 136279841ನೆಯ ಘಾತಕ್ಕೆ ಒಂದು ಕಡಮೆಯಾದ ಸಂಖ್ಯೆಗೆ 4,10,24,320 ಅಂಕಿಗಳಿವೆ. ಮೊದಲು ಫರ್ಮಾನ ನಡತೆಯ ಪರೀಕ್ಷೆಯಿಂದ ಅದರ ಸುಳಿವು ಸಿಕ್ಕಿತು. ಬಳಿಕ ಲ್ಯೂಕಾ–ಲೆಹ್ಮರ್ ಪರೀಕ್ಷೆಯಿಂದ ಅದು ಸಿದ್ಧವಾಯಿತು. ಅದನ್ನು ಕೈಯಿಂದ ಪರಿಶೀಲಿಸುವುದು ಯಾರಿಗೂ ಸಾಧ್ಯವಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಮರಳಿ ಮರಳಿ ನಡೆಸಿ ಒಂದೇ ಉತ್ತರ ಬಂದಿತೆಂಬುದನ್ನು ನಾವು ನಂಬಬೇಕು. ಆ ನಂಬಿಕೆ ಮೆರ್ಸೆನ್ನನ ಪಟ್ಟಿಯ ಮೇಲಿದ್ದ ನಂಬಿಕೆಯಂಥದಲ್ಲ. ಪರೀಕ್ಷೆಯ ನಿಯಮ ಎಲ್ಲರ ಮುಂದಿದೆ. ಹೇಳಿದವರ ಹೆಸರನ್ನು ಅಳಿಸಿಹಾಕಿದರೂ ಅದು ನಿಲ್ಲುತ್ತದೆ.

ಓದುಗರಲ್ಲಿ ಉತ್ಸಾಹವಿದ್ದವರು ಕತಾಲ್ದಿಯ 524287ನ್ನು, ಅಂದರೆ 2¹⁹−1ನ್ನು, ಕೈಗೆತ್ತಿಕೊಳ್ಳಬಹುದು. ಅವನ ದಾರಿಯಲ್ಲಿ ಹೋದರೆ 724ರೊಳಗಿನ 128 ಅವಿಭಾಜ್ಯಗಳಿಂದ ಭಾಗಿಸಬೇಕು. ಲ್ಯೂಕಾನ ದಾರಿಯಲ್ಲಿ 3ರಿಂದ ಹೊರಟು ಹದಿನೇಳು ಬಾರಿ ವರ್ಗ ಮಾಡಿದರೆ ಸಾಕು, ಹದಿನೆಂಟನೆಯ ಪದದಲ್ಲಿ ಸೊನ್ನೆ ಬರಬೇಕು. ಕೋಲನಂತೆ ಮೂರು ವರ್ಷಗಳ ಭಾನುವಾರಗಳು ಬೇಕಾಗಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಸಾಕು.